ಮೀನುಗಾರಿಕೆ ಸಚಿವರಿಗೆ ಕೋಡಿಬಾಗದಿಂದ ಒಂದು ಪತ್ರ: ಜೆಟ್ಟಿಗೊಂದು ಸಿಹಿನೀರಿನ ನಲ್ಲಿ ಕೊಡಿ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಕಾರವಾರದ ಕೋಡಿಬಾಗದವನು. 14 ವರ್ಷದಿಂದ ಸಣ್ಣ ಫೈಬರ್ ದೋಣಿಯಲ್ಲಿ ಬಲೆ ಬಿಡುತ್ತಿದ್ದೇನೆ. ಕಳೆದ ಅಕ್ಟೋಬರ್‌ನಲ್ಲಿ ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ನನಗಾದದ್ದನ್ನು ನಿಮಗೆ ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬಲೆ ಎಳೆದು ವಾಪಸ್ ಬರುತ್ತಿದ್ದೆವು. ನಾನು ಮತ್ತು ನನ್ನ ಅಣ್ಣನ ಮಗ, ಇಬ್ಬರೇ. ಇಳಿತದ ಹೊತ್ತು. ಆ ಹೊತ್ತಿಗೆ ನದಿ ನೀರು ಹೊರಗೆ ನುಗ್ಗುತ್ತದೆ, ಎದುರಿನಿಂದ ಸಮುದ್ರದ ಅಲೆ ಬರುತ್ತದೆ, ಎರಡೂ ಸೇರುವ ಜಾಗದಲ್ಲಿ ಅಲೆ ಗೋಡೆಯಂತೆ ಏಳುತ್ತದೆ. ಸರಿಯಾಗಿ ಅಲ್ಲೇ ಇಂಜಿನ್ ನಿಂತಿತು. ಮುಚ್ಚಳ ತೆಗೆದರೆ ಹಬೆ. ದೋಣಿ ಅಲೆಗೆ ಅಡ್ಡ ತಿರುಗಿ ನೀರು ಒಳಗೆ ಬಂತು. ಲಂಗರು ಬಿಟ್ಟೆ. ಹಗ್ಗ ಹಗುರ ಅನ್ನಿಸಿ ಎಳೆದು ನೋಡಿದರೆ ತುದಿಯಲ್ಲಿ ಲಂಗರೇ ಇಲ್ಲ, ಕೊಂಡಿಯ ಪಿನ್ ತುಕ್ಕು ತಿಂದು ಮುರಿದಿತ್ತು. ಲೈಫ್ ಜಾಕೆಟ್ ಎರಡಿದ್ದವು, ಬಲೆಯ ಅಡಿಯಲ್ಲಿ. ಹುಡುಗನಿಗೆ ಹಾಕಿದೆ, ಆದರೆ ಬಕಲ್ ಉಪ್ಪು ಕಟ್ಟಿ ಒಳಗೇ ಹೋಗಲಿಲ್ಲ. ಬಲೆ ಹೊಲಿಯುವ ದಾರ ಸುತ್ತಿ ಎದೆಗೆ ಬಿಗಿದೆ. ನನ್ನ ಕೈ ನಡುಗುತ್ತಿತ್ತು, ಗಂಟು ಮೂರು ಸಲ ಬಿಚ್ಚಿಹೋಯಿತು. ಅವನು ಒಂದು ಮಾತೂ ಆಡದೆ ನನ್ನ ಮುಖವನ್ನೇ ನೋಡುತ್ತಿದ್ದ.

ಬೈತಖೋಲ ಬಂದರಿಗೆ ಹೊರಟಿದ್ದ ಬೋಟಿನವರು ನೋಡಿ ಹಗ್ಗ ಎಸೆದರು. ಅದರಿಂದಲೇ ಬದುಕಿ ಇವತ್ತು ಬರೆಯುತ್ತಿದ್ದೇನೆ. ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093, ಈ ಎರಡು ನಂಬರ್ ನನಗೆ ಗೊತ್ತಾದದ್ದು ಆಮೇಲೆ.

ಮರುದಿನ ಮೆಕ್ಯಾನಿಕ್ ಇಂಜಿನ್ ಬಿಚ್ಚಿದರು. ಕೆಳಗಡೆ ಇಂಪೆಲ್ಲರ್ ಅಂತ ಒಂದು ರಬ್ಬರ್ ಚಕ್ರ ಇರುತ್ತದೆ, ಸುತ್ತ ಎಸಳು ಇರುವಂಥದ್ದು. ಅದು ನೀರನ್ನು ಮೇಲಕ್ಕೆ ತಳ್ಳಿದರೆ ಮಾತ್ರ ಇಂಜಿನ್ ತಣ್ಣಗಿರುತ್ತದೆ. ಮೂರು ಎಸಳು ಹರಿದಿದ್ದವು. ಒಂದು ತುಂಡು ನೀರಿನ ದಾರಿಯಲ್ಲೇ ಸಿಕ್ಕಿಕೊಂಡಿತ್ತು, ಒಳಗೆಲ್ಲ ಉಪ್ಪು ಸುಣ್ಣದ ಹಾಗೆ ಗಟ್ಟಿಯಾಗಿತ್ತು. ಇಂಜಿನ್ ಓಡುವಾಗ ಹಿಂದಿನಿಂದ ಸಣ್ಣ ನೀರಿನ ಧಾರೆ ಬರುತ್ತದಲ್ವಾ, ಅದು ಒಂದು ವಾರದಿಂದ ತೆಳ್ಳಗಾಗಿತ್ತು. ನಾನು ನೋಡಿದ್ದೆ. ಬರ್ತಾ ಇದೆಯಲ್ಲ ಅಂತ ಸುಮ್ನಿದ್ದೆ. ಹೊಸ ಇಂಪೆಲ್ಲರ್‌ಗೆ ಆದ ಖರ್ಚು ನಮ್ಮ ಒಂದು ದಿನದ ಎಣ್ಣೆಯ ಖರ್ಚಿಗಿಂತ ಕಡಿಮೆ.

ಈ ಇಂಜಿನ್ ಕೊಂಡಾಗ ಕೈಗೆ ಬಂದದ್ದು ಒಂದು ಇಂಗ್ಲಿಷ್ ಪುಸ್ತಕ ಮಾತ್ರ. ನಮ್ಮಲ್ಲಿ ಅರ್ಧ ಜನರ ಮನೆಮಾತು ಕೊಂಕಣಿ, ಉಳಿದವರದು ಕನ್ನಡ, ಅದನ್ನು ಓದುವವರು ಯಾರು? ನಮ್ಮ ಇಂಜಿನ್ ಓಡುವುದು ಸೀಮೆಎಣ್ಣೆಯಲ್ಲಿ; ನಿಲ್ಲಿಸುವ ಮೊದಲು ಪೆಟ್ರೋಲ್‌ಗೆ ಬದಲಿಸಿ ಸ್ವಲ್ಪ ಹೊತ್ತು ಓಡಿಸಬೇಕು, ಇಲ್ಲದಿದ್ದರೆ ಮರುದಿನ ಸ್ಟಾರ್ಟ್ ಆಗಲು ಸತಾಯಿಸುತ್ತದೆ ಅನ್ನುವುದನ್ನೂ ನಾನು ಕಲಿತದ್ದು ನಮ್ಮ ಹಿರಿಯರನ್ನು ನೋಡಿ. ಅವರು ಕಲಿತದ್ದು ಇಂಜಿನ್ ಹಾಳು ಮಾಡಿಕೊಂಡು. ಸರ್, ಸೀಮೆಎಣ್ಣೆಗೆ ಸಬ್ಸಿಡಿ ಇದೆ, ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ಆ ಎಣ್ಣೆ ಕುಡಿಯುವ ಇಂಜಿನ್ನನ್ನು ನೋಡಿಕೊಳ್ಳುವುದು ಹೇಗೆ ಅಂತ ಕಲಿಸುವವರು ಇಲ್ಲ.

ಅದಕ್ಕೇ ನನ್ನ ಮೊದಲ ಬೇಡಿಕೆ ಒಂದು ನಲ್ಲಿ. ಸಮುದ್ರದಿಂದ ಬಂದ ಮೇಲೆ ಇಂಜಿನ್ನಿಗೆ ಹತ್ತು ನಿಮಿಷ ಸಿಹಿನೀರು ಓಡಿಸಿದರೆ ಉಪ್ಪು ಕಟ್ಟುವುದಿಲ್ಲ. ಒಂದು ಡ್ರಮ್ ನೀರು ಸಾಕು. ಆದರೆ ದೋಣಿ ಕಟ್ಟುವ ಜೆಟ್ಟಿಯಲ್ಲಿ ನೀರೆಲ್ಲಿದೆ? ಎಷ್ಟು ದಿನ ಅಂತ ಮನೆಯಿಂದ ಕೊಡದಲ್ಲಿ ಹೊತ್ತು ತರುವುದು ಹೇಳಿ. ಮಾಜಾಳಿಯಿಂದ ಭಟ್ಕಳದವರೆಗೆ ಸಣ್ಣ ದೋಣಿ ನಿಲ್ಲುವ ಕಡೆಗಳಲ್ಲೆಲ್ಲ ಒಂದು ನಲ್ಲಿ, ಒಂದು ಟ್ಯಾಂಕ್ ಆದರೆ ಎಷ್ಟೋ ಇಂಜಿನ್ ಉಳಿಯುತ್ತವೆ.

ಮತ್ತೆ ಆ 61 ದಿನ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ, ಮಳೆಗಾಲದಲ್ಲಿ ನಮ್ಮಂಥವರೂ ಜಾಸ್ತಿ ದಿನ ದಡದಲ್ಲೇ ಇರುತ್ತೇವೆ. ಆಗ ತರಬೇತಿ ಇಡಿ. ಸಭಾಂಗಣದಲ್ಲಿ ಭಾಷಣ, ಊಟ, ಸರ್ಟಿಫಿಕೇಟ್ ಬೇಡ. ಜೆಟ್ಟಿಯಲ್ಲೇ ಇಂಜಿನ್ ಬಿಚ್ಚಿ ಜೋಡಿಸುವುದನ್ನು ನಮ್ಮ ಕೈಯಿಂದ ಮಾಡಿಸಿ. ಕಲಿಸಲು ದೂರದಿಂದ ಯಾರೂ ಬರಬೇಕಿಲ್ಲ, ನಮ್ಮೂರಿನ ಹಳೆ ಮೆಕ್ಯಾನಿಕ್‌ಗಳಿಗೆ ದಿನಗೂಲಿ ಕೊಟ್ಟರೆ ಸಂತೋಷದಿಂದ ಕಲಿಸುತ್ತಾರೆ.

ಲೈಫ್ ಜಾಕೆಟ್ ಬಗ್ಗೆಯೂ ಒಂದು ಮಾತು. ನಾವು ಯಾಕೆ ಹಾಕುವುದಿಲ್ಲ ಅಂದರೆ, ಆ ದಪ್ಪ ಜಾಕೆಟ್ ಹಾಕಿಕೊಂಡು ಬಲೆ ಎಳೆಯಲು ಆಗುವುದಿಲ್ಲ. ಕೆಲಸ ಮಾಡುತ್ತಲೇ ಹಾಕಿಕೊಳ್ಳಬಹುದಾದ ತೆಳುವಾದವು ಬರುತ್ತವೆ, ಅಂಥವನ್ನು ಕೊಡಿ. 2019ರ ಜನವರಿಯಲ್ಲಿ ಇಲ್ಲೇ ಹತ್ತಿರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಆ ದಿನ ಇಲ್ಲಿದ್ದವರು ಯಾರೂ ಅದನ್ನು ಮರೆತಿಲ್ಲ. 2024ರ ಆಗಸ್ಟ್‌ನಲ್ಲಿ ಕಾಳಿಯ ಹಳೆ ಸೇತುವೆ ನಡುರಾತ್ರಿ ಕುಸಿದು ಲಾರಿ ನದಿಗೆ ಬಿದ್ದಾಗ ಚಾಲಕನನ್ನು ಉಳಿಸಲು ಹೋದವರಲ್ಲಿ ನಮ್ಮ ಮೀನುಗಾರರೂ ಇದ್ದರು. ಅಂಥ ರಾತ್ರಿ ದೋಣಿಯ ಇಂಜಿನ್ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗಬೇಕು.

ಮುಂದಿನ ಜೂನ್‌ನಲ್ಲಿ ಮೊದಲ ತರಬೇತಿ ಕೋಡಿಬಾಗದಲ್ಲೇ ಇಡಿ ಅಂತ ಕೇಳಿಕೊಳ್ಳುತ್ತೇನೆ. ಆ ಹರಿದ ಇಂಪೆಲ್ಲರನ್ನು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ, ತರುತ್ತೇನೆ. ಅಣ್ಣನ ಮಗನೂ ಬರುತ್ತಾನೆ.

ಇತಿ,
ಕೋಡಿಬಾಗದ ಒಬ್ಬ ಮೀನುಗಾರ