ಕಿತ್ತಳೆ ಮೂತಿಯ ಕೋವಿ

ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಈ ಸಲದ ಸಂಪಾದಕೀಯವನ್ನು ಗ್ಯಾರೇಜಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಎದುರಿಗೆ ಎಂಟು ಮರದ ಕೋವಿಗಳು ಹಳೆಯ ಪತ್ರಿಕೆಯ ಮೇಲೆ ಒಣಗುತ್ತಿವೆ. ಎಲ್ಲದರ ಮೂತಿಗೂ ಕಿತ್ತಳೆ ಬಣ್ಣ. ರಾಜ್ಯೋತ್ಸವಕ್ಕೆ ಮಕ್ಕಳು ಆಡುವ ಕಿತ್ತೂರಿನ ನಾಟಕಕ್ಕೆ ಇವು ಬೇಕು. ಸಭಾಂಗಣದವರು ‘ನಿಜವಾದ ಬಂದೂಕಿನಂತೆ ಕಾಣುವುದೇನನ್ನೂ ಒಳಗೆ ತರಬೇಡಿ’ ಎಂದು ಬರೆದಿದ್ದರು. ಕೋವಿಯೇ ಇಲ್ಲದೆ ಕಿತ್ತೂರಿನ ಬಂಟ ಅಮಟೂರು ಬಾಳಪ್ಪ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡವುವುದು ಹೇಗೆ? ಸಮಿತಿಯ ಸಭೆಯಲ್ಲಿ ಇದೊಂದೇ ಒಂದೂವರೆ ಗಂಟೆ ನಡೆಯಿತು. ‘ಅಂಗಡಿಯಲ್ಲಿ ನಿಜವಾದದ್ದನ್ನೇ ಮಾರುತ್ತಾರೆ, ನಮ್ಮ ಹಲಗೆಗೆ ಹೆದರುತ್ತಾರೆ’ ಎಂದು ಖಜಾಂಚಿಯವರು ಸಿಟ್ಟಾದರು. ನನಗೂ ಸಿಟ್ಟು ಬಂದಿತ್ತು. ಆದರೆ 2013ರಲ್ಲಿ ನಮ್ಮದೇ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ಪ್ಲಾಸ್ಟಿಕ್ ಗುಳಿಗೆಯ ಆಟಿಕೆ ಕೋವಿ ಹಿಡಿದು ನಡೆದು ಹೋಗುತ್ತಿದ್ದ 13 ವರ್ಷದ ಹುಡುಗನನ್ನು, ಅದು ನಿಜವಾದದ್ದೆಂದು ತಿಳಿದು ಪೊಲೀಸರೊಬ್ಬರು ಗುಂಡಿಟ್ಟು ಕೊಂದದ್ದು ನೆನಪಾಗಿ ಸುಮ್ಮನಾದೆ. ಕೊನೆಗೆ, ಆಟಿಕೆಯೆಂದು ದೂರದಿಂದಲೇ ಗುರುತು ಸಿಗುವಂತೆ ಮೂತಿಗೆ ಕಿತ್ತಳೆ ಬಣ್ಣ ಎಂದು ರಾಜಿಯಾಯಿತು. ಬಳಿಯುವ ಕೆಲಸ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕೆ?

ಮನೆಗೆ ಬಂದರೆ ಅಲ್ಲಿಯೂ ಅದೇ ಪ್ರಕರಣ. ಮಗಳ ಶಾಲೆಯ ಚರ್ಚಾ ಸ್ಪರ್ಧೆಯ ವಿಷಯ: ನೋಟವನ್ನು ನೋಡಿ ಬಂದೂಕನ್ನು ನಿಷೇಧಿಸಬಹುದೇ? ಊಟ ಬಡಿಸುವಷ್ಟರಲ್ಲಿ ನನಗೆ ಪಾಠ ಮಾಡಿ ಮುಗಿಸಿದಳು. 1994ರಲ್ಲಿ ಅಮೆರಿಕದಲ್ಲಿ ಬಂದ ಕಾನೂನು ಹತ್ತು ವರ್ಷ ಇತ್ತು, 2004ರಲ್ಲಿ ತಾನಾಗಿಯೇ ಅಳಿಯಿತು. ಕೆಲವು ಬಂದೂಕುಗಳನ್ನು ಅದು ಹೆಸರು ಹಿಡಿದೇ ನಿಷೇಧಿಸಿತ್ತು. ಉಳಿದವಕ್ಕೆ ಲಕ್ಷಣ ನೋಡುತ್ತಿತ್ತು: ತೋಟಾಪೆಟ್ಟಿಗೆ ಕಳಚಿ ಹಾಕಬಹುದಾದ, ತಾನೇ ತುಂಬಿಕೊಳ್ಳುವ ರೈಫಲ್ಲಿಗೆ ಪಿಸ್ತೂಲಿನಂಥ ಹಿಡಿ, ಮಡಚುವ ಹಿಂಭಾಗ, ಬಯೋನೆಟ್ ಸಿಕ್ಕಿಸುವ ಕೊಕ್ಕೆ ಇಂಥವುಗಳಲ್ಲಿ ಎರಡು ಇದ್ದರೆ ನಿಷಿದ್ಧ. ತಯಾರಕರು ಕೊಕ್ಕೆಯನ್ನು ಉಜ್ಜಿ ತೆಗೆದು, ಮೂತಿಯನ್ನು ಬೋಳಿಸಿ ಅದನ್ನೇ ಮಾರಿದರು. ನಿಷಿದ್ಧವಾದ ಕೆಲವು ರೈಫಲ್ಲುಗಳ ತೋಟಾವನ್ನೇ ಹಾರಿಸುವ ರೂಗರ್ ಮಿನಿ-14 ಎಂಬ ರೈಫಲ್ ಮಾತ್ರ, ಮಡಚದ ಹಿಂಭಾಗವಿದ್ದರೆ ಸಾಕು, ವಿನಾಯಿತಿಯ ಪಟ್ಟಿಯಲ್ಲಿ ಹೆಸರು ಸಹಿತ ಕುಳಿತಿತ್ತು. ಮರದ ಮೈಯ ಸಜ್ಜನ!

ಅಷ್ಟರಲ್ಲಿ ಊರಿನಿಂದ ತಮ್ಮ ಕಳಿಸಿದ್ದ ಆಯುಧಪೂಜೆಯ ಫೋಟೊ ತೋರಿಸಿದೆ. ಟಿಲ್ಲರ್, ಸ್ಕೂಟರ್, ಅಡಿಕೆ ಸುಲಿಯುವ ಯಂತ್ರ, ನಡುವೆ ಕುಂಕುಮ ಹಚ್ಚಿಸಿಕೊಂಡು ಸೇವಂತಿಗೆ ಮುಡಿದ ಅಜ್ಜನ ಒಂಟಿ ನಳಿಗೆಯ ಕೋವಿ. ಮಗಳು ನೋಡಿ, ‘ಅಪ್ಪಾ, ಇದು ಪಾಪದ ಕೋವಿ’ ಎಂದಳು.

ಪಾಪದ್ದೇ ಹೌದು. ಮಂಗಗಳು ತೋಟಕ್ಕೆ ಇಳಿದವೆಂದು ಕೂಗು ಬಿದ್ದರೆ ಅಜ್ಜ ಮೊದಲು ಕನ್ನಡಕ ಹುಡುಕುತ್ತಿದ್ದರು, ಆಮೇಲೆ ಬಿಸ್ಕತ್ತಿನ ಡಬ್ಬಿ. ಡಬ್ಬಿಯಲ್ಲಿ ಅಕ್ಕಿ, ಅಕ್ಕಿಯೊಳಗೆ ತೋಟಾ. ನಮ್ಮ ಮಳೆಗಾಲದಲ್ಲಿ ಕಾಗದದ ತೋಟಾ ಉಬ್ಬದೆ ಉಳಿಯಬೇಕಲ್ಲ? ಆದರೂ ಉಬ್ಬುತ್ತಿತ್ತು. ಒಂದು ಈಡು ಹೊಡೆದರೆ ಖಾಲಿ ತೋಟಾ ನಳಿಗೆಯ ಬುಡದಲ್ಲಿ ಕಚ್ಚಿಕೊಳ್ಳುತ್ತಿತ್ತು. ಅಜ್ಜ ಕಟ್ಟೆಯ ಮೇಲೆ ಕುಳಿತು ಕೋವಿಯನ್ನು ನಡುವಿನಲ್ಲಿ ಮಡಚಿ ತೆರೆದು ತೊಡೆಯ ಮೇಲಿಟ್ಟುಕೊಂಡು, ಅಡಿಕೆ ಕತ್ತರಿಯ ತುದಿಯಿಂದ ಅದನ್ನು ಮೀಟುತ್ತಿದ್ದರು. ಮೀಟುತ್ತಲೇ ಅಜ್ಜಿಯೊಡನೆ ಎಲೆ ಅಡಿಕೆಗೆ ಸುಣ್ಣ ತರುವ ಮಾತು. ಅಷ್ಟರಲ್ಲಿ ಓಡಿಹೋದ ಮಂಗಗಳು ವಾಪಸು ಬಂದು ಬಾಳೆಗೊನೆಯನ್ನು ಹಂಚಿಕೊಂಡು ತಿನ್ನುತ್ತಿದ್ದವು. ಒಂದು ಮರಿಯಂತೂ ಸಿಪ್ಪೆಯನ್ನು ಅಂಗಳಕ್ಕೇ ಎಸೆಯುತ್ತಿತ್ತು. ಚುನಾವಣೆ ಬಂದರೆ ಕೋವಿಯನ್ನು ಪೊಲೀಸ್ ಠಾಣೆಗೆ ಕೊಟ್ಟು ಚೀಟಿ ತರಬೇಕು. ಮತದಾನದ ದಿನಾಂಕ ನಮಗಿಂತ ಮೊದಲು ಮಂಗಗಳಿಗೆ ಗೊತ್ತಾಗುತ್ತದೆ ಎನ್ನುವುದು ಅಜ್ಜನ ದೂರು.

ಆದರೆ ಕುಂಕುಮ ಹಚ್ಚಿದ ಮಾತ್ರಕ್ಕೆ ಕೋವಿ ಸಾಧುವಾಗುವುದಿಲ್ಲ. ರಾತ್ರಿ ಶಿಕಾರಿಯಲ್ಲಿ ಹಂದಿಯೆಂದು ಮನುಷ್ಯನಿಗೇ ಈಡು ಬಿದ್ದ ಸುದ್ದಿಯನ್ನು ಮಲೆನಾಡಿನವರೆಲ್ಲ ಕೇಳಿದ್ದೇವೆ. ಅದು ಒಂದು ಈಡು. ಇಲ್ಲಿ 1989ರಲ್ಲಿ ಸ್ಟಾಕ್ಟನ್ ಊರಿನ ಶಾಲೆಯ ಅಂಗಳದಲ್ಲಿ ಗುಂಡೇಟಿಗೆ ಐದು ಮಕ್ಕಳು ಸತ್ತಾಗ ಆ ಬಂದೂಕಿಗೆ ಎಲ್ಲಿಯೂ ಕುಳಿತು ಮೀಟುವ ಹೊತ್ತು ಬೇಕಾಗಿರಲಿಲ್ಲ. ನನ್ನ ಮಟ್ಟಿಗೆ ಕಾನೂನು ಕೇಳಬೇಕಾದ ಪ್ರಶ್ನೆ ಇಷ್ಟೇ: ತಡವಿಲ್ಲದೆ ಎಷ್ಟು ಈಡು? 1994ರ ಕಾನೂನಿನಲ್ಲಿಯೇ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ತೋಟಾಪೆಟ್ಟಿಗೆಗೆ ತಡೆ ಇತ್ತು. ಅದೊಂದು ಕೆಲಸದ ಮಾತು. ಕೊಕ್ಕೆ, ಹಿಡಿಗಳ ಲೆಕ್ಕವೆಲ್ಲ ಕಬ್ಬಿಣ ಉಜ್ಜುವ ಅರಕ್ಕೆ ಕೆಲಸ ಕೊಟ್ಟದ್ದಷ್ಟೇ.

ಮಗಳಿಗೆ ಇದನ್ನೇ ಹೇಳಿದೆ. ‘ಹಾಗಾದರೆ ಗ್ಯಾರೇಜಿನಲ್ಲಿ ನೀವು ಮಾಡುತ್ತಿರುವುದೇನು?’ ಎಂದಳು. ಆಟಿಕೆಗೆ ನೋಟ ಬಿಟ್ಟರೆ ಬೇರೇನಿದೆ ಎಂದೆ. ಒಪ್ಪಿದಳೋ ಇಲ್ಲವೋ, ಬರೆದುಕೊಂಡಳು.

ಇನ್ನು ಸೂಚನೆಗಳು, ಜಾಗ ಕಡಿಮೆ: ರಾಜ್ಯೋತ್ಸವ ನವೆಂಬರ್ ಎರಡನೆಯ ಶನಿವಾರ, ಮಧ್ಯಾಹ್ನ ಮೂರಕ್ಕೆ. ಊಟದ ಚೀಟಿ ಬಾಗಿಲಲ್ಲಿ ಸಿಗುವುದಿಲ್ಲ, ಮೊದಲೇ ಕೊಳ್ಳಿ. ಬಿಸಿಬೇಳೆ ಬಾತಿಗೆ ದೊಡ್ಡ ಪಾತ್ರೆ ಇರುವವರು ತಿಳಿಸಿ. ಕನ್ನಡ ಶಾಲೆಗೆ ಎರಡನೆಯ ತರಗತಿಯ ಶಿಕ್ಷಕರು ಬೇಕು. ದಸರಾ ಗೊಂಬೆಗಳ ಫೋಟೊಗಳನ್ನು ಭಾನುವಾರದೊಳಗೆ ಕಳಿಸಿ. ಕಳೆದ ಸಂಚಿಕೆಯಲ್ಲಿ ಒತ್ತಕ್ಷರ ತಪ್ಪಿದ್ದಕ್ಕೆ ಕ್ಷಮೆಯಿರಲಿ. ಆರು ವರ್ಷಗಳಿಂದ ಕರಡು ತಿದ್ದುತ್ತಿರುವುದು ನಾನೊಬ್ಬನೇ. ಯಾರಾದರೂ ಜೊತೆಗೆ ಬನ್ನಿ, ಒಂದು ಸಂಚಿಕೆಗಾದರೂ.

ಎಂಟು ಕೋವಿಗಳಿಗೆ ಎರಡನೆಯ ಸಲ ಬಣ್ಣ ಬಳಿಯಬೇಕು. ಮೂತಿಯಲ್ಲಿ ಮರ ಇನ್ನೂ ಇಣುಕುತ್ತಿದೆ. ಶನಿವಾರ ಬೆಳಿಗ್ಗೆ ಬಿಡುವಿದ್ದವರು ಬ್ರಷ್ ತನ್ನಿ, ಕಾಫಿ ನಮ್ಮ ಮನೆಯದು.