ಇನ್ನೊಂದೇ ರೋಲ್

ಸೋಮವಾರಪೇಟೆ

ಚಿ॥ ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿ ನಾಲ್ಕು ದಿನವಾಯಿತು. ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ಅಮೆರಿಕದಲ್ಲಿ ಬ್ಯಾಂಕಿನಿಂದ ನಾಣ್ಯದ ರೋಲ್ ತಂದು, ಒಡೆದು, ಹಳೆಯ ಬೆಳ್ಳಿ ನಾಣ್ಯ ಹುಡುಕುವ ನಿನ್ನ ಹವ್ಯಾಸದ ಬಗ್ಗೆ ಕಾಗದದ ಕೊನೆಯಲ್ಲಿ ನೀನು ಬರೆದ ಮಾತು ನನಗೆ ನಿದ್ದೆ ಕೊಡುತ್ತಿಲ್ಲ. "ರಾತ್ರಿ ಎರಡಾದರೂ ಇನ್ನೊಂದೇ ರೋಲ್ ಎಂದು ಒಡೆಯುತ್ತಾ ಕೂರುತ್ತೇನೆ ದೊಡ್ಡಪ್ಪಾ, ಅಜ್ಜನ ಚಟ ನನಗೂ ಅಂಟಿದೆಯೇ?"

ಇಲ್ಲ ಎಂದು ಒಂದೇ ಮಾತಿನಲ್ಲಿ ಬರೆದುಬಿಡೋಣವೆಂದು ಪೆನ್ನು ಹಿಡಿದೆ. ಕೈ ಏಳಲಿಲ್ಲ.

ನೀನು ಹುಡುಕುವುದೇಕೆ ಎಂದು ನನಗೆ ತಿಳಿಯದೇನಲ್ಲ. ಅಮೆರಿಕದ ಅರ್ಧ ಡಾಲರ್ ನಾಣ್ಯದಲ್ಲಿ 1964ರವರೆಗೆ ನೂರಕ್ಕೆ 90 ಪಾಲು ಬೆಳ್ಳಿ, 1965ರಿಂದ 1970ರವರೆಗೆ 40, ಆಮೇಲೆ ಚಲಾವಣೆಗೆ ಬಂದದ್ದೆಲ್ಲ ತಾಮ್ರ, ನಿಕ್ಕಲ್. ಮುಖಬೆಲೆ ಮಾತ್ರ ಎಲ್ಲಕ್ಕೂ ಒಂದೇ. ಬ್ಯಾಂಕಿನಲ್ಲಿ 10 ಡಾಲರ್ ಕೊಟ್ಟರೆ 20 ನಾಣ್ಯದ ರೋಲ್ ಸಿಗುತ್ತದೆ; ಅದರೊಳಗೆ ಅಂಚಿನಲ್ಲಿ ತಾಮ್ರದ ಗೆರೆ ಇಲ್ಲದ ಬಿಳಿಯ ನಾಣ್ಯವೊಂದು ಇದ್ದರೂ ಇರಬಹುದು ಎಂದರೆ ಯಾರ ಕೈ ಸುಮ್ಮನಿರುತ್ತದೆ? ನಮ್ಮಲ್ಲೂ ಹೀಗೇ ಆಗಿತ್ತು. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು, 1947ರಲ್ಲಿ ಬರೀ ನಿಕ್ಕಲ್ ಆಯಿತು. ಆಮೇಲೆ ಸಂತೆಯಲ್ಲಿ ಕೈಗೆ ಬಂದ ಹಳೆಯ ರೂಪಾಯಿಯನ್ನು ನನ್ನ ಅಜ್ಜಿ ಒರಳುಕಲ್ಲಿನ ಮೇಲೆ ಬೀಳಿಸಿ, ಸದ್ದು ಕೇಳಿ, ಅಕ್ಕಿ ಡಬ್ಬಿಯ ತಳಕ್ಕೆ ಸೇರಿಸುತ್ತಿದ್ದಳಂತೆ.

50 ರೋಲಿನ ಪೆಟ್ಟಿಗೆ ಪೂರ್ತಿ ಒಡೆದು ಒಂದೂ ಸಿಗದಿದ್ದರೂ ನಿನ್ನ 500 ಡಾಲರ್ ಎಲ್ಲಿಗೂ ಹೋಗುವುದಿಲ್ಲ, ಮತ್ತೆ ಬ್ಯಾಂಕಿಗೆ ಕಟ್ಟಬಹುದು. ನಿನ್ನ ಅಜ್ಜ ಇಸ್ಪೀಟಿನ ಮೇಜಿಗೆ ಇಟ್ಟ ದುಡ್ಡು ಹಾಗಲ್ಲ. ಕೆಳಗಿನ ತೋಟ ಕೈಬಿಟ್ಟದ್ದು ಹೇಗೆಂದು ನಿನಗೆ ಹೇಳಬೇಕಾಗಿಲ್ಲ. ಈ ಲೆಕ್ಕ ಹಾಕಿ ಮೊದಲ ದಿನ ಸಮಾಧಾನ ಮಾಡಿಕೊಂಡೆ. ಮರುದಿನ ಬೆಳಿಗ್ಗೆ ನಿನ್ನ ಕಾಗದ ಮತ್ತೆ ಓದಿದಾಗ ಆ ಸಮಾಧಾನ ಉಳಿಯಲಿಲ್ಲ. ದುಡ್ಡಿನ ಮಾತನ್ನು ನೀನು ಎತ್ತಿಯೇ ಇಲ್ಲ. "ಇನ್ನೊಂದೇ" ಎಂದು ಬರೆದಿದ್ದೀಯ.

ಆ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆಗ ನನಗೆ ಹದಿಮೂರು. ಆಷಾಢದ ಮಳೆ. ಕಾಫಿ ಬೋರ್ಡಿನ ಕಂತಿನ ದುಡ್ಡು ಬಂದ ದಿನ. ಕತ್ತಲಾದ ಮೇಲೆ ಅವ್ವ ನನಗೆ ಕಂಬಳಿ ಕೊಪ್ಪೆ ಹಾಕಿ, ಅಪ್ಪನನ್ನು ಕರೆದುಕೊಂಡು ಬಾ ಎಂದು ಕಳುಹಿಸಿದಳು. ಇಸ್ಪೀಟು ಆಡುವ ಮನೆಯ ಬಾಗಿಲಲ್ಲಿ ನಾನು ನಿಂತೆ, ಕೊಪ್ಪೆಯಿಂದ ನೀರು ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು. ಅಪ್ಪ ಎಲೆಗಳನ್ನು ಎದೆಗೆ ಒತ್ತಿ ಹಿಡಿದಿದ್ದರು. ನನ್ನನ್ನು ಕಂಡು ನಕ್ಕು, "ಇನ್ನೊಂದೇ ಆಟ, ನೀನು ನಡೆ, ಬಂದೆ" ಎಂದರು. ಸಿಟ್ಟು ಮಾಡಲಿಲ್ಲ. ಅಂಗಿ ಹಿಡಿದು ಎಳೆದಿದ್ದರೆ ಬರುತ್ತಿದ್ದರು ಎಂದು ನನಗೆ ಇವತ್ತಿಗೂ ಅನಿಸುತ್ತದೆ, ಮಕ್ಕಳ ಹಟಕ್ಕೆ ಅವರು ಬೇಗ ಸೋಲುತ್ತಿದ್ದರು. ನಾನು ಎಳೆಯಲಿಲ್ಲ. ಮನೆಗೆ ಬಂದು "ಹೊರಟಿದ್ದಾರೆ" ಎಂದು ಸುಳ್ಳು ಹೇಳಿ, ಉಂಡು ಮಲಗಿದೆ. ಅವ್ವ ಕಂದೀಲು ಆರಿಸದೆ ಕಾದಳು.

ಅಪ್ಪನನ್ನು ದೂರಲು ಇದನ್ನು ಬರೆಯುತ್ತಿಲ್ಲ. ನನಗೆ ಚಟ ಹತ್ತಿದೆಯೇ ಎಂದು ಅವರು ಒಮ್ಮೆಯಾದರೂ ಯಾರನ್ನಾದರೂ ಕೇಳಿದ್ದರೆ ಎಂದು ಯೋಚಿಸುತ್ತೇನೆ. ನೀನು ಕೇಳಿದೆಯಲ್ಲ, ಅದೊಂದನ್ನೇ ಹಿಡಿದುಕೊಂಡು ಕೂತಿದ್ದೇನೆ. ಆದರೂ ಭಯ ಹೋಗುತ್ತಿಲ್ಲ ಮಗು.

ನಿನ್ನ ಅಲ್ಲಿಯ ಬದುಕನ್ನು ಕಂಡವನಲ್ಲ ನಾನು, ಏನು ಹೇಳಲಿ? ರಾತ್ರಿ ಹೊತ್ತು ರೋಲ್ ಒಡೆಯಬೇಡ. ಭಾನುವಾರ ಬೆಳಿಗ್ಗೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಸವಿ ಓದಿಸು. ಅವಳಿಗೆ ಬೇಸರ ಬಂದು ಅಂಗಿ ಎಳೆದರೆ ಎದ್ದುಬಿಡು. ಇದು ನಡೆಯುವ ಮಾತೋ ಅಲ್ಲವೋ, ನೀನೇ ನೋಡು.

ಸಿಕ್ಕಿದ ನಾಣ್ಯವನ್ನು ಎಂದೂ ತಿಕ್ಕಿ ತೊಳೆಯಬೇಡ. ಅಜ್ಜಿಯ ಡಬ್ಬಿಯಲ್ಲಿ ಕೊನೆಗೆ ಉಳಿದಿದ್ದು ಒಂದೇ ರೂಪಾಯಿ. ನಾನು ಅದಕ್ಕೆ ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ ತಿಕ್ಕಿದೆ. ರಾಜನ ಕೆನ್ನೆಯ ತುಂಬಾ ಗೀರು ಬಿತ್ತು. ಅಂಥ ನಾಣ್ಯಕ್ಕೆ ಸಂಗ್ರಹಕಾರರ ಬಳಿ ಬೆಲೆ ಕಡಿಮೆ ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಡಬ್ಬಿಯಲ್ಲಿದ್ದ ಬೇರೆ ರೂಪಾಯಿಗಳು ಎಲ್ಲಿಗೆ ಹೋದವೆಂದು ಅವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾವಿಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ಬೇಗ ಉತ್ತರ ಬರೆ. ಬೆಳ್ಳಿ ಸಿಕ್ಕಿತೋ ಇಲ್ಲವೋ ಆಮೇಲೆ ಬರೆಯುವೆಯಂತೆ, ರಾತ್ರಿ ಎಷ್ಟು ಗಂಟೆಗೆ ಮಲಗುತ್ತಿದ್ದೀಯ ಎಂದು ಮೊದಲು ತಿಳಿಸು.

ನಿನ್ನ,
ದೊಡ್ಡಪ್ಪ