ಕ್ಷಾರಜಲದ ಯಂತ್ರಕ್ಕಿಂತ ಮೊದಲು ಬಾವಿನೀರಿನ ಪರೀಕ್ಷೆಯಾಗಲಿ

ಸಂಪಾದಕರಿಗೆ,

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಆಸುಪಾಸಿನ ಊರುಗಳಲ್ಲಿ ‘ಆಲ್ಕಲೈನ್’ ನೀರು, ಅಂದರೆ ಕ್ಷಾರಗುಣದ ಕುಡಿಯುವ ನೀರು ಕೊಡುವ ಯಂತ್ರಗಳ ಮಾರಾಟ ಈಗ ಮನೆಯ ಜಗಲಿಯವರೆಗೆ ಬಂದಿದೆ. ಆರ್‌ಒ (ಸೂಕ್ಷ್ಮ ಪೊರೆಯಲ್ಲಿ ನೀರು ಸೋಸುವ) ಯಂತ್ರಕ್ಕೆ ಖನಿಜದ ಗುಳಿಗೆಗಳ ಕೊಳವೆಯೊಂದನ್ನು ಜೋಡಿಸಿದ್ದಾದರೆ ಬೆಲೆ ಸಾವಿರಗಳಲ್ಲಿ, ವಿದ್ಯುತ್ ಹಾಯಿಸಿ ನೀರನ್ನು ಬೇರ್ಪಡಿಸುವ ಯಂತ್ರವಾದರೆ ಲಕ್ಷಗಳಲ್ಲಿದೆ. ಅಡಿಕೆ ಮಾರಿದ ಹಣವನ್ನೋ ಸಹಕಾರಿ ಸಂಘದ ಸಾಲವನ್ನೋ ಇದಕ್ಕೆ ಸುರಿಯುವ ಮೊದಲು ಮನೆಯವರು ಯೋಚಿಸಬೇಕಾದ ಕೆಲವು ಸಂಗತಿಗಳನ್ನು, ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವನೆಂಬ ನೆಲೆಯಲ್ಲಿ, ತಮ್ಮ ಪತ್ರಿಕೆಯ ಮೂಲಕ ತಿಳಿಸಲು ಬಯಸುತ್ತೇನೆ.

ಮಾರಾಟದವರ ಪ್ರದರ್ಶನ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತದೆ. ಮನೆಯ ಬಾವಿನೀರನ್ನು ಒಂದು ಗ್ಲಾಸಿಗೆ, ಯಂತ್ರದ ನೀರನ್ನು ಇನ್ನೊಂದಕ್ಕೆ ಸುರಿದು, ಪುಟ್ಟ ಸೀಸೆಯಿಂದ ಎರಡಕ್ಕೂ ಮೂರ್ನಾಲ್ಕು ಹನಿ ದ್ರಾವಣ ಬಿಡುತ್ತಾರೆ. ಬಾವಿನೀರು ಹಳದಿಯಾಗುತ್ತದೆ, ಯಂತ್ರದ ನೀರು ನೀಲಿಯಾಗುತ್ತದೆ. “ನೋಡಿ ಅಕ್ಕಾ, ಇಷ್ಟು ವರ್ಷ ಮಕ್ಕಳಿಗೆ ಕುಡಿಸಿದ್ದು ಆಮ್ಲ” ಎಂದು ಒಂದು ಮಾತು ಹೇಳಿದರೆ ತಾಯಂದಿರ ಎದೆ ನಡುಗದೆ ಇರುತ್ತದೆಯೇ? ಆದರೆ ಆ ದ್ರಾವಣ ಪ್ರೌಢಶಾಲೆಯ ಮಕ್ಕಳು ಪ್ರಯೋಗಾಲಯದಲ್ಲಿ ಬಳಸುವ ಸೂಚಕ ಮಾತ್ರ. ಅದು ನೀರಿನ ಪಿಎಚ್, ಅಂದರೆ ಆಮ್ಲ–ಕ್ಷಾರಗುಣದ ಅಳತೆ (7 ತಟಸ್ಥ, ಕೆಳಗೆ ಆಮ್ಲ, ಮೇಲೆ ಕ್ಷಾರ) ಎಷ್ಟೆಂದು ತೋರಿಸುತ್ತದೆಯೇ ಹೊರತು ನೀರಿನಲ್ಲಿ ರೋಗಾಣುವಿದೆಯೇ, ಕೀಟನಾಶಕವಿದೆಯೇ ಎಂಬುದನ್ನು ತೋರಿಸಲಾರದು. ಅದೇ ಬಾವಿನೀರಿಗೆ ಚಿಟಿಕೆ ಅಡುಗೆ ಸೋಡಾ ಕದಡಿ ಹನಿ ಬಿಟ್ಟರೂ ಬಣ್ಣ ನೀಲಿಯತ್ತ ತಿರುಗುತ್ತದೆ. ಲಿಂಬೆಯ ಶರಬತ್ತು, ಮಜ್ಜಿಗೆಯ ತಿಳಿ, ಪುನರ್ಪುಳಿಯ ಸಾರು ಇವೆಲ್ಲ ನಮ್ಮ ಬಾವಿನೀರಿಗಿಂತ ಎಷ್ಟೋ ಪಾಲು ಹೆಚ್ಚು ಆಮ್ಲೀಯವಾದವು, ಮತ್ತು ಅವನ್ನು ನಾವು ತಲೆಮಾರುಗಳಿಂದ ಸಂತೋಷವಾಗಿ ಕುಡಿಯುತ್ತ ಬಂದಿದ್ದೇವೆ.

ಈ ಪ್ರದರ್ಶನ ಕಾಸರಗೋಡಿನಲ್ಲಿ ಎಂದೂ ಸೋಲದಿರುವುದಕ್ಕೆ ನಮ್ಮ ನೆಲವೇ ಕಾರಣ. ಮಳೆನೀರು ಕೊಳೆತ ಎಲೆ, ಬೇರುಗಳ ನಡುವೆ ಇಂಗುವಾಗ ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ. ಸುಣ್ಣದ ಅಂಶವೆಲ್ಲ ಬಹುಪಾಲು ತೊಳೆದುಹೋಗಿರುವ ಮುರಕಲ್ಲಿನಲ್ಲಿ ಅದನ್ನು ತಟಸ್ಥಗೊಳಿಸುವ ಪದಾರ್ಥವಿಲ್ಲ. ಹಾಗಾಗಿ ನಮ್ಮ ಬಾವಿಗಳ, ಗುಡ್ಡ ಕೊರೆದು ಮಾಡಿದ ಸುರಂಗಗಳ ನೀರಿನ ಪಿಎಚ್ ಎಷ್ಟೋ ಕಡೆ 6.5ಕ್ಕಿಂತ ಕೆಳಗಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 (2012) ಪಿಎಚ್ 6.5ರಿಂದ 8.5ರ ಒಳಗಿರಬೇಕೆನ್ನುತ್ತದೆ ಎಂಬುದು ನಿಜ. ಮಾರಾಟದವರು ಈ ಕೆಳಮಿತಿಯನ್ನು ಹೇಳುತ್ತಾರೆ, ಮೇಲ್ಮಿತಿಯನ್ನು ಹೇಳುವುದಿಲ್ಲ. ಅವರು ಹೊಗಳುವ 9.5 ಪಿಎಚ್‌ನ ನೀರು ಅದೇ ಮಾನಕದ ಮಿತಿಯನ್ನು ಮೀರಿದ ನೀರು. ವಿಶ್ವ ಆರೋಗ್ಯ ಸಂಸ್ಥೆಯಂತೂ ಪಿಎಚ್‌ಗೆ ಆರೋಗ್ಯದ ದೃಷ್ಟಿಯಿಂದ ಮಿತಿಯನ್ನೇ ಗೊತ್ತುಪಡಿಸಿಲ್ಲ. ಆಮ್ಲೀಯ ನೀರಿನ ನಿಜವಾದ ತೊಂದರೆ ಲೋಹಗಳಿಗೆ ಸಂಬಂಧಿಸಿದ್ದು: ಹಳೆಯ ಕಬ್ಬಿಣದ ಪೈಪು ಸವೆಯುತ್ತದೆ, ತಾಮ್ರದ ಕೊಡದಲ್ಲಿ ದಿನಗಟ್ಟಲೆ ಇಟ್ಟ ನೀರಿಗೆ ತಾಮ್ರ ಬಿಡುತ್ತದೆ. ಅಂಥ ನೀರನ್ನು ತಾಮ್ರದ ಪಾತ್ರೆಯಲ್ಲಿ ತುಂಬಿಡದಿರುವುದು, ಪೈಪಿನ ತೊಂದರೆಯಿದ್ದಲ್ಲಿ ಸುಣ್ಣಕಲ್ಲಿನ ಹರಳು ತುಂಬಿದ ಸಾದಾ ಫಿಲ್ಟರಿನ ಮೂಲಕ ನೀರು ಹಾಯಿಸುವುದು ಇದಕ್ಕೆ ತಕ್ಕ ಪರಿಹಾರ.

ಕ್ಷಾರಜಲ ಕುಡಿದರೆ ರಕ್ತ ಕ್ಷಾರವಾಗುತ್ತದೆ, ಕ್ಯಾನ್ಸರ್ ಸುಳಿಯುವುದಿಲ್ಲ ಎಂಬ ಮಾತಿಗೆ ದೇಹದ ರಚನೆಯಲ್ಲಿಯೇ ಆಧಾರವಿಲ್ಲ. ಜಠರರಸದ ಪಿಎಚ್ ಸುಮಾರು 1.5ರಿಂದ 3.5. ಪಿಎಚ್ ಅಳತೆಯಲ್ಲಿ ಒಂದೊಂದು ಅಂಕೆಗೂ ಹತ್ತು ಪಟ್ಟು ವ್ಯತ್ಯಾಸವಿರುವುದರಿಂದ, ಕರಗಿದ ಲವಣಗಳ ಬೆಂಬಲವಿಲ್ಲದ, ಪಿಎಚ್ 9ರ ಒಂದು ಲೀಟರ್ ನೀರಿನ ಕ್ಷಾರವನ್ನು ಅಳಿಸಲು ಪಿಎಚ್ 2ರ ಜಠರರಸ ಕೇವಲ ಒಂದು ಮಿಲಿಲೀಟರ್ ಸಾಕು. ಲವಣಗಳಿರುವ ನೀರಿಗೆ ಇನ್ನಷ್ಟು ಬೇಕಾದೀತು, ಜಠರಕ್ಕೆ ಅದು ಹೊರೆಯಲ್ಲ. ರಕ್ತದ ಪಿಎಚ್ಚನ್ನು 7.35ರಿಂದ 7.45ರ ಕಿರಿದಾದ ಅಂತರದಲ್ಲಿ ಕಾಯುವ ಕೆಲಸವನ್ನು ಶ್ವಾಸಕೋಶ ಮತ್ತು ಮೂತ್ರಪಿಂಡಗಳು ಹಗಲಿರುಳು ಮಾಡುತ್ತಿರುತ್ತವೆ. ಕುಡಿದ ನೀರು ಅದನ್ನು ಬದಲಿಸುವುದಿಲ್ಲ. ಆಹಾರದ ಆಮ್ಲಾಂಶ, ಕ್ಷಾರಜಲ ಮತ್ತು ಕ್ಯಾನ್ಸರಿನ ಸಂಬಂಧದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ 2016ರಲ್ಲಿ ಬಿಎಂಜೆ ಓಪನ್ ನಿಯತಕಾಲಿಕೆಯಲ್ಲಿ ಪ್ರಕಟವಾದ ಸಮೀಕ್ಷೆಗೆ ಈ ನಂಬಿಕೆಯನ್ನು ಬೆಂಬಲಿಸುವ ಪುರಾವೆ ಸಿಗಲಿಲ್ಲ. 8.8 ಪಿಎಚ್‌ನ ನೀರು ಪೆಪ್ಸಿನ್ ಎಂಬ ಜಠರದ ಜೀರ್ಣಕಿಣ್ವವನ್ನು ನಿಷ್ಕ್ರಿಯಗೊಳಿಸಿತೆಂದು 2012ರಲ್ಲಿ ಒಂದು ವರದಿ ಬಂದದ್ದುಂಟು, ಎದೆಯುರಿಯಿರುವವರಿಗೆ ಅದನ್ನೇ ತೋರಿಸುತ್ತಾರೆ. ಅದು ಪ್ರಯೋಗಾಲಯದ ನಳಿಕೆಯಲ್ಲಿ ಕಂಡದ್ದು, ರೋಗಿಗಳಲ್ಲಿ ಪರೀಕ್ಷಿಸಿದ್ದಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಖನಿಜ ಸೇರಿಸಿದ ಯಾವ ನೀರನ್ನೂ ಅಭ್ಯಾಸ ಮಾಡಿಕೊಳ್ಳಬಾರದು.

ಆರ್‌ಒ ಜೋಡಿಸಿದ ಯಂತ್ರಗಳ ಬಗ್ಗೆ ಇನ್ನೊಂದು ಮಾತು. ನಮ್ಮ ಬಾವಿನೀರಿನಲ್ಲಿ ಕರಗಿದ ಲವಣಗಳು ಮೊದಲೇ ಕಡಿಮೆ. ಇರುವಷ್ಟನ್ನೂ ಆರ್‌ಒ ತೆಗೆದುಹಾಕುತ್ತದೆ, ಇಂಗಾಲದ ಡೈಆಕ್ಸೈಡನ್ನು ಮಾತ್ರ ಹಾಗೆಯೇ ಬಿಡುತ್ತದೆ. ಅದರಿಂದ ನೀರಿನ ಪಿಎಚ್ ಇನ್ನೂ ಇಳಿಯುತ್ತದೆ, ಇಳಿದದ್ದನ್ನು ಏರಿಸಲು ಕ್ಷಾರದ ಕೊಳವೆ ಬೇಕಾಗುತ್ತದೆ, ಅದನ್ನು ಆಗಾಗ ಬದಲಿಸುತ್ತಿರಬೇಕು. ಇದರ ಮೇಲೆ ಒಂದು ಲೀಟರ್ ನೀರಿಗೆ ಎರಡು ಮೂರು ಲೀಟರ್ ಚರಂಡಿಗೆ ಹೋಗುತ್ತದೆ, ಏಪ್ರಿಲ್–ಮೇ ತಿಂಗಳಲ್ಲಿ ಬಾವಿಯ ತಳ ಕಾಣುವ ನಮ್ಮ ಊರಿನಲ್ಲಿ! ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ನಿರ್ದೇಶಿಸಿತ್ತು. ಉಪ್ಪುನೀರು ನುಗ್ಗುವ ಕಡಲಂಚಿನ ಮನೆಗಳ ಮಾತು ಬೇರೆ.

ನೀರಿನ ಬಗ್ಗೆ ಇಲ್ಲಿಯವರಿಗಿರುವ ಭಯವನ್ನು ಅಜ್ಞಾನವೆಂದು ನಾನು ತಳ್ಳಿಹಾಕುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆಯಿದು. ಆ ವಿಷಕ್ಕೆ ಸಿಲುಕಿದ ಎಣ್ಮಕಜೆಯ ತಾಯಂದಿರಿಗೆ ನೀರಿನ ಬಗ್ಗೆ ಸಂಶಯ ಬಾರದಿದ್ದರೆ ಇನ್ಯಾರಿಗೆ ಬರಬೇಕು? ಆ ಸಂಕಟದ ಹೆಸರು ಹೇಳಿ, ಪಿಎಚ್ ಏರಿಸುವ ಯಂತ್ರವೇ ವಿಷವನ್ನೂ ತೆಗೆಯುತ್ತದೆಂದು ನಂಬಿಸುವುದು ನನಗೆ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ನಮ್ಮ ಬಾವಿಗಳ ದೊಡ್ಡ ಅಪಾಯ ಬೇರೆಯೇ ಇದೆ. ಶೌಚದ ಗುಂಡಿಯಿಂದ ಮುರಕಲ್ಲಿನ ಸಂದುಗಳ ಮೂಲಕ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ, ಅದರ ಜೊತೆಗೆ ಕಾಮಾಲೆ, ಭೇದಿಯ ರೋಗಾಣುಗಳು ಯಾವ ಬಣ್ಣದ ಹನಿಗೂ ಕಾಣಿಸುವುದಿಲ್ಲ. ಬಾವಿಗೂ ಗುಂಡಿಗೂ ಕನಿಷ್ಠ 7.5 ಮೀಟರ್ ಅಂತರವಿರಬೇಕೆಂಬ ನಿಯಮ ಐದು–ಹತ್ತು ಸೆಂಟ್ಸಿನ ಜಾಗಗಳಲ್ಲಿ ಎಷ್ಟರಮಟ್ಟಿಗೆ ಪಾಲನೆಯಾಗಿದೆಯೆಂಬುದನ್ನು ಓದುಗರು ತಮ್ಮ ಹಿತ್ತಿಲಿನಲ್ಲಿ ನಿಂತು ನೋಡಬಹುದು. ಕೇರಳ ಜಲ ಪ್ರಾಧಿಕಾರದ ಪ್ರಯೋಗಾಲಯದಲ್ಲಿ ನೀರಿನ ಪರೀಕ್ಷೆ ಮಾಡಿಸಬಹುದು. ಯಂತ್ರದ ಬೆಲೆಯ ಮುಂದೆ ಆ ಶುಲ್ಕ ಏನೂ ಅಲ್ಲ. ರೋಗಾಣುವಿನ ಪರೀಕ್ಷೆಗೆ ಕ್ರಿಮಿಶುದ್ಧ ಬಾಟಲಿಯಲ್ಲೇ ನೀರು ತೆಗೆದು, ತಡಮಾಡದೆ ಅಂದೇ ತಲುಪಿಸಬೇಕು.

ಬಾವಿಗೆ ಕ್ಲೋರಿನ್ ಹಾಕುವ ವಿಧಾನವೂ ಸರಳ. 1,000 ಲೀಟರ್ ನೀರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್. ಪೌಡರ್ 24 ಗ್ರಾಂ ಸಾಕು. ಪ್ಲಾಸ್ಟಿಕ್ ಬಕೆಟಿನಲ್ಲಿ ಪೌಡರನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಬಳಿಕ ಮುಕ್ಕಾಲು ಬಕೆಟ್ ನೀರು ಸೇರಿಸಿ ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ನೀರು ಸೇದುವ ಕೊಡಕ್ಕೆ ಬಗ್ಗಿಸಿ, ಬಾವಿಗಿಳಿಸಿ, ಮೇಲೆ ಕೆಳಗೆ ಎಳೆದಾಡಿ ಕದಡಬೇಕು; ಒಂದು ಗಂಟೆ ಕಳೆದು ನೀರು ಬಳಸಬಹುದು. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಕರಗಿದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಆಮ್ಲಗುಣವೂ ಸ್ವಲ್ಪ ಇಳಿಯುತ್ತದೆ.

ಕ್ಯಾನ್ಸರ್, ಸಕ್ಕರೆ ಕಾಯಿಲೆ ಗುಣವಾಗುತ್ತದೆಂದು ಜಾಹೀರಾತು ನೀಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಗೆ ವಿರುದ್ಧ. ಅಂಥ ಕರಪತ್ರವನ್ನು ಎಸೆಯದೆ ಇಟ್ಟುಕೊಂಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕೊನೆಯದಾಗಿ ಪಂಚಾಯತುಗಳಲ್ಲಿ ಒಂದು ವಿನಂತಿ. ಯಂತ್ರದವರ ಕರಪತ್ರ ನಮ್ಮ ಮನೆಗೆ ಅಚ್ಚಗನ್ನಡದಲ್ಲಿ ಬರುತ್ತದೆ, ಬಾವಿ ಶುಚೀಕರಣದ ಸೂಚನೆಗಳಾದರೋ ಹೆಚ್ಚಾಗಿ ಮಲಯಾಳದಲ್ಲೇ ಇರುತ್ತವೆ. ಆ ಲಿಪಿ ಓದಲು ಬಾರದ ಹಿರಿಯರು ಇಲ್ಲಿ ಬಹಳ ಮಂದಿ ಇದ್ದಾರೆ. ಬರುವ ಮಳೆಗಾಲಕ್ಕೆ ಮೊದಲು ಪೌಡರಿನ ಅಳತೆ, ಪ್ರಯೋಗಾಲಯದ ವಿಳಾಸ, ಶುಲ್ಕ ಇಷ್ಟನ್ನು ಕನ್ನಡದಲ್ಲಿ ಮುದ್ರಿಸಿ ಹಾಲಿನ ಸೊಸೈಟಿ, ರೇಷನ್ ಅಂಗಡಿ, ಅಂಗನವಾಡಿಗಳಲ್ಲಿ ಅಂಟಿಸುವ ವ್ಯವಸ್ಥೆಯಾಗಲಿ.

ಇತಿ,
ಓದುಗ, ನೀರ್ಚಾಲು